‘ಅಸ್ಪಷ್ಟ’ ಎಂದು ಗುರುತು ಹಾಕಿದವಳು ನಾನೇ

ಕನ್ನಡ ಕೇಳುವ, ಕನ್ನಡ ಓದುವ ಯಂತ್ರ ಕಟ್ಟುತ್ತಿರುವ ಸಂಶೋಧಕರಿಗೆ, ಆ ಕೆಲಸಕ್ಕೆ ಹಣ ಮಂಜೂರು ಮಾಡುವ ಅಧಿಕಾರಿಗಳಿಗೆ,

ನಮಸ್ಕಾರ.

ಕುಮಟಾದಲ್ಲಿ ಮನೆಯಲ್ಲೇ ಕೂತು ಸುಮಾರು ಒಂದೂವರೆ ವರ್ಷ ನಿಮ್ಮಂಥವರಿಗಾಗಿ ಕೆಲಸ ಮಾಡಿದ್ದೇನೆ. ಮಾತನ್ನು ಕೇಳಿ ಬರಹಕ್ಕೆ ಇಳಿಸುವ ಕೆಲಸ. ನಡುವೆ ಒಂದು ಕಂಪನಿ ಇತ್ತು, ಅದರ ಹೆಸರು ಇಲ್ಲಿ ಬೇಡ. ಕಿವಿಗೆ ಹೆಡ್‌ಫೋನ್, ಮುಂದೆ ಲ್ಯಾಪ್‌ಟಾಪ್. ಒಂದೊಂದು ತುಣುಕು ಮೂವತ್ತು ನಲವತ್ತು ಸೆಕೆಂಡು. ಕೇಳಬೇಕು, ಟೈಪ್ ಮಾಡಬೇಕು, ಮುಂದಿನದಕ್ಕೆ ಹೋಗಬೇಕು. ದುಡ್ಡು ತುಣುಕಿನ ಲೆಕ್ಕದಲ್ಲಿ. ಕರೆಂಟು ಹೋದರೆ ಆ ದಿನದ ದುಡಿಮೆ ಅಷ್ಟಕ್ಕೇ.

ಮಾತು ತಿಳಿಯದಿದ್ದರೆ ಒತ್ತಲು ಒಂದು ಗುಂಡಿ ಕೊಟ್ಟಿದ್ದರು. ಅದರ ಮೇಲೆ ‘ಅಸ್ಪಷ್ಟ’ ಎಂದು ಬರೆದಿತ್ತು.

ಒಂದು ದಿನ ಒಬ್ಬರು ಅಜ್ಜಿಯ ದನಿ ಬಂತು. ಅಘನಾಶಿನಿ ಹೊಳೆಯಲ್ಲಿ ನೀರು ಇಳಿದ ಮೇಲೆ ಬಳಚು, ಅಂದರೆ ಚಿಪ್ಪುಮೀನು, ಆರಿಸುವುದು ಹೇಗೆ ಅಂತ ಹೇಳುತ್ತಿದ್ದರು. ಕಾಲಿನಲ್ಲೇ ಕೆಸರು ತಡಕಿ ಚಿಪ್ಪು ಇರುವ ಜಾಗ ಗೊತ್ತು ಮಾಡುವ ವಿಷಯ. ಹಿಂದೆ ಒಂದು ಕಾಗೆ ಕೂಗುತ್ತಿತ್ತು, ಬೇರೆ ಗಲಾಟೆ ಇರಲಿಲ್ಲ. ನನಗೆ ಒಂದು ಮಾತೂ ಬಿಡದೆ ತಿಳಿಯಿತು. ಅವರು ಆಡಿದ ಹಾಗೇ ಟೈಪ್ ಮಾಡಿ ಕಳಿಸಿದೆ. ಮರುದಿನ ವಾಪಸ್ ಬಂತು. ಪ್ರಮಾಣಿತ ಕನ್ನಡದಲ್ಲಿ ಬರೆಯಬೇಕು, ಆಗದಿದ್ದರೆ ಅಸ್ಪಷ್ಟ ಎಂದು ಗುರುತು ಹಾಕಬೇಕು ಎಂಬ ಸೂಚನೆ ಜೊತೆಗಿತ್ತು.

ಪ್ರಮಾಣಿತ ಕನ್ನಡದಲ್ಲಿ ಬರೆದರೆ ಅದು ಅಜ್ಜಿ ಆಡಿದ್ದಲ್ಲ, ನಾನು ಕಟ್ಟಿದ್ದು. ಹತ್ತು ನಿಮಿಷ ಯೋಚನೆ ಮಾಡಿದೆ. ಹತ್ತು ನಿಮಿಷಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಗುಂಡಿ ಒತ್ತಿದೆ. ಆಮೇಲೆ ಅದು ರೂಢಿಯಾಯಿತು. ನಮ್ಮ ಕಡೆಯ ಹಾಲಕ್ಕಿ ಸಮುದಾಯದವರ ಮಾತು ಬಂದರೆ ಅಸ್ಪಷ್ಟ. ದೋಣಿಯವರ ಮಾತು ಬಂದರೆ ಅಸ್ಪಷ್ಟ. ಹೇಳಲು ನಾಚಿಕೆಯಾಗುತ್ತದೆ, ನನ್ನ ಮನೆಮಾತೇ ಬಂದಾಗಲೂ ಎರಡು ಮೂರು ಸಲ ಒತ್ತಿದ್ದೇನೆ.

ಇದು ಯಾಕೆ ಇಷ್ಟು ದೊಡ್ಡ ವಿಷಯ ಅಂತ ನೀವು ಕೇಳಬಹುದು. ಯಂತ್ರ ಮಾತನ್ನು ಎಷ್ಟು ಸರಿಯಾಗಿ ಕೇಳುತ್ತದೆ ಎಂದು ಅಳೆಯಲು ನಿಮ್ಮಲ್ಲಿ ಒಂದು ಲೆಕ್ಕ ಇದೆ, ಪದದೋಷದ ಪ್ರಮಾಣ. ಯಂತ್ರ ತಪ್ಪು ಕೇಳಿದ ಪದ, ಬಿಟ್ಟ ಪದ, ತಾನಾಗಿ ಸೇರಿಸಿದ ಪದ, ಈ ಮೂರನ್ನೂ ಕೂಡಿಸಿ ಸರಿಯಾದ ಬರಹದಲ್ಲಿರುವ ಒಟ್ಟು ಪದಗಳಿಂದ ಭಾಗಿಸುವುದು. ಹತ್ತು ಪದಕ್ಕೆ ಒಂದು ತಪ್ಪಿದರೆ ಶೇ 10. ಕನ್ನಡದಲ್ಲಿ ‘ಹೋಗಬೇಕಾಗಿತ್ತಲ್ಲ’ ಅನ್ನುವುದು ಒಂದೇ ಪದ, ಕೊನೆಯ ಸ್ವರ ತಪ್ಪಿದರೂ ಇಡೀ ಪದ ತಪ್ಪು. ಅದಕ್ಕೇ ಕೆಲವರು ಅಕ್ಷರದೋಷವನ್ನೂ ಬೇರೆ ಲೆಕ್ಕ ಹಾಕುತ್ತಾರೆ. ಇಷ್ಟು ಎಲ್ಲಾ ಸರಿ. ಆದರೆ ಆ ‘ಸರಿಯಾದ ಬರಹ’ ಬರೆದವರು ಯಾರು? ನನ್ನಂಥವರು, ತುಣುಕಿಗಿಷ್ಟು ಅಂತ ದುಡ್ಡು ತೆಗೆದುಕೊಂಡು, ಅಜ್ಜಿಯನ್ನು ಬದಿಗೆ ಸರಿಸಿ.

ಅಸ್ಪಷ್ಟ ಎಂದು ಗುರುತಾದ ತುಣುಕು ಯಂತ್ರಕ್ಕೆ ಕಲಿಸುವ ತರಬೇತಿಯ ರಾಶಿಗೆ ಸೇರುವುದಿಲ್ಲ. ಪರೀಕ್ಷೆಗೆ ಬೇಕಾದ ತುಣುಕುಗಳನ್ನು ಆರಿಸುವುದೂ ಸಾಧಾರಣವಾಗಿ ಅದೇ ರಾಶಿಯಿಂದ. ಹಾಗಾಗಿ ಪರೀಕ್ಷೆಯಲ್ಲೂ ಅಜ್ಜಿ ಇಲ್ಲ. ಮೇಷ್ಟ್ರು ಕಲಿಸದ ಪಾಠ ಪ್ರಶ್ನೆಪತ್ರಿಕೆಗೂ ಬರಲಿಲ್ಲ, ಮಕ್ಕಳೆಲ್ಲ ಪಾಸು. ನಿಮ್ಮ ಪ್ರಬಂಧದಲ್ಲಿ ‘ಕನ್ನಡ’ ಎಂಬ ಸಾಲಿನ ಎದುರು ಒಂದು ಚೆಂದದ ಅಂಕಿ ಬರುತ್ತದೆ. ಆ ಅಂಕಿಯನ್ನು ಚೆಂದ ಮಾಡಿದ್ದರಲ್ಲಿ ನನ್ನ ಬೆರಳೂ ಇದೆ.

ಇನ್ನೊಂದು ದಾರಿ ಇದಕ್ಕಿಂತ ಕೆಟ್ಟದ್ದು. ಪಾಪ, ಕೆಲವರು ಗುಂಡಿ ಒತ್ತದೆ ನಿಜವಾಗಿಯೂ ಪ್ರಮಾಣಿತ ಕನ್ನಡಕ್ಕೆ ತಿರುಗಿಸಿ ಬರೆಯುತ್ತಿದ್ದರು. ಧ್ವನಿಯಲ್ಲಿ ‘ಹೋಪದು’ ಇದೆ, ಬರಹದಲ್ಲಿ ‘ಹೋಗುವುದು’ ಇದೆ. ಈ ಜೋಡಿಯನ್ನು ಕಲಿತ ಯಂತ್ರ ಏನು ಕಲಿತ ಹಾಗಾಯಿತು? ಜನ ಆಡದೇ ಇದ್ದದ್ದನ್ನು ಕೇಳುವುದನ್ನು. ಮುಂದೆ ಒಂದು ದಿನ ಯಾವುದೋ ಯಂತ್ರ ‘ಹೋಪದು’ ಅಂತ ಸರಿಯಾಗಿ ಕೇಳಿ ಬರೆದರೆ, ಅದಕ್ಕೆ ತಪ್ಪು ಅಂತ ಅಂಕ ಕಳೆಯುತ್ತೀರಿ.

ನನ್ನ ತವರು ಶಿರಸಿ ತಾಲೂಕು, ಮನೆಮಾತು ಹವಿಗನ್ನಡ, ಅಂದರೆ ಹವ್ಯಕರು ಆಡುವ ಕನ್ನಡ. ನಮ್ಮಲ್ಲಿ ಅಪ್ಪಯ್ಯ ‘ಬಂದ’, ಆಯಿ (ಅಮ್ಮ) ‘ಬಂತು’. ಹೆಂಗಸರ ಬಗ್ಗೆ ಹೇಳುವಾಗ ಕ್ರಿಯಾಪದ ನಪುಂಸಕದಲ್ಲಿರುತ್ತದೆ. ತಾತ್ಸಾರಕ್ಕೆ ಹಾಗೆ ಹೇಳುವುದಲ್ಲ, ನಮ್ಮ ವ್ಯಾಕರಣವೇ ಹಾಗೆ. (ಈ ವಿಷಯಕ್ಕೆ ನನಗೂ ಆಯಿಗೂ ಒಮ್ಮೆ ಜೋರು ಜಗಳವಾಗಿದೆ, ಅದು ಬೇರೆ ಕತೆ.) ಅನುವಾದ ಮಾಡುವ ಒಂದು ಆ್ಯಪಿಗೆ ‘ಅಕ್ಕ ಪೇಟೆಯಿಂದ ಬಂತು’ ಅಂತ ಕೊಟ್ಟು ನೋಡಿದೆ. ಅದು ಅಕ್ಕನನ್ನೇ ಕೈಬಿಟ್ಟು, ಪೇಟೆಯಿಂದ ಏನೋ ಒಂದು ಬಂತು ಎಂದು ಇಂಗ್ಲಿಷಿನಲ್ಲಿ ಹೇಳಿತು.

‘ಆಯಿ ಮನೇಲಿ ಇದ್ದು.’ ಇದು ನಮಗೆ ಪೂರ್ಣ ವಾಕ್ಯ. ಆಯಿ ಮನೆಯಲ್ಲಿದ್ದಾಳೆ ಎಂದರ್ಥ. ಪುಸ್ತಕದ ಕನ್ನಡ ಓದಿ ಬೆಳೆದ ಯಂತ್ರಕ್ಕೆ ಇದು ಅರ್ಧ ವಾಕ್ಯ. ‘ಇದ್ದು’ ಆದ ಮೇಲೆ ಇನ್ನೊಂದು ಕ್ರಿಯಾಪದ ಬರಲೇಬೇಕು ಅಂತ ಅದು ಕಾಯುತ್ತದೆ. ಮಾತು ಗುರುತಿಸುವ ಯಂತ್ರ ಬರೀ ಕಿವಿಯಿಂದ ಕೇಳುವುದಿಲ್ಲ, ಮುಂದಿನ ಪದ ಯಾವುದಿರಬಹುದು ಎಂಬ ಊಹೆಯನ್ನೂ ಸೇರಿಸಿಕೊಂಡು ಕೇಳುತ್ತದೆ, ಅಲ್ವಾ? ಊಹೆ ಜಾಸ್ತಿಯಾದರೆ ಕಿವಿ ಸೋಲುತ್ತದೆ. ಆಗ ‘ಇದ್ದು’ ಹೋಗಿ ‘ಇದ್ದಳು’ ಆಗುತ್ತದೆ. ಈಗ ಮನೆಯಲ್ಲಿರುವ ಆಯಿ ಹಿಂದೊಮ್ಮೆ ಮನೆಯಲ್ಲಿದ್ದ ಆಯಿ ಆಗಿಬಿಡುತ್ತಾಳೆ.

ಹೋಪದು, ಬಪ್ಪದು (ಬರುವುದು) ಎಂಬಲ್ಲಿನ ‘ಪ’ ನಾವು ಬಾಯಿ ತಪ್ಪಿ ಆಡುವುದಲ್ಲ. ಹಳಗನ್ನಡದ ‘ಪೋಪ’, ‘ಬರ್ಪ’ ಓದಿದವರಿಗೆ ಅದರ ನಂಟು ಗೊತ್ತು. ಅತ್ತ ಪಠ್ಯಪುಸ್ತಕದಲ್ಲಿ ಹಳಗನ್ನಡ ಕಲಿಸಿ ಅಂತ ಹೇಳುತ್ತೇವೆ, ಇತ್ತ ಅದು ಇನ್ನೂ ಬಾಯಲ್ಲಿ ಉಳಿದ ಕಡೆ ಅಸ್ಪಷ್ಟ ಅನ್ನುತ್ತೇವೆ.

ಒಂದು ತಮಾಷೆ ಹೇಳಬೇಕು. ತಾಳಮದ್ದಳೆಯ ಒಂದು ತುಣುಕನ್ನು ಯಂತ್ರಕ್ಕೆ ಕೇಳಿಸಿದೆ. ಕೃಷ್ಣನ ಅರ್ಥ ಹೇಳುತ್ತಿದ್ದವರ ಮಾತಿನಲ್ಲಿ ದೊಡ್ಡ ದೊಡ್ಡ ಸಮಾಸಗಳು. ಹೆಚ್ಚುಕಡಿಮೆ ಪೂರ್ತಿ ಸರಿಯಾಗಿ ಬರೆಯಿತು. ಅದೇ ಕಲಾವಿದರು ಆಮೇಲೆ ಯಾರಿಗೋ ಒಂದು ಲೋಟ ಚಾ ಕೊಡು ಅಂತ ಮನೆಮಾತಿನಲ್ಲಿ ಹೇಳಿದ್ದೂ ಅದೇ ರೆಕಾರ್ಡಿಂಗಿನಲ್ಲಿತ್ತು. ಅದು ತಿಳಿಯಲೇ ಇಲ್ಲ. ದ್ವಾರಕೆಯ ಕೃಷ್ಣ ಅರ್ಥವಾಗುತ್ತಾನೆ, ಚಾ ಕೇಳುವ ಹೆಗಡೇರು ಅರ್ಥವಾಗುವುದಿಲ್ಲ.

ತಮಾಷೆ ಇಲ್ಲದ ಕಡೆಗೂ ಬರುತ್ತೇನೆ. ಮಳೆಗಾಲದಲ್ಲಿ ಅಡಿಕೆಗೆ ಕೊಳೆ ಬರುತ್ತದೆ. ಬಿಡದೆ ಮಳೆ ಹೊಡೆದರೆ ಎಳೆ ಕಾಯಿ ಕೊಳೆತು ಉದುರುತ್ತದೆ. ಬೋರ್ಡೊ ದ್ರಾವಣ ಹೊಡೆಯಬೇಕು, ಹಿಂದೆ ಗೊನೆಗೆ ಕೊಟ್ಟೆ, ಅಂದರೆ ಹೊದಿಕೆ, ಕಟ್ಟುತ್ತಿದ್ದರು. ಹೋದ ಮಳೆಗಾಲ ನಮ್ಮ ಅಪ್ಪಯ್ಯ ರೈತರಿಗೆ ಸಲಹೆ ಕೊಡುವ ಒಂದು ಆ್ಯಪಿನಲ್ಲಿ ‘ತ್ವಾಟಕ್ಕೆ ಕೊಳೆ ಬಂಜು’ (ತೋಟಕ್ಕೆ ಕೊಳೆ ಬಂದಿದೆ) ಅಂತ ಹೇಳಿದ. ಯಂತ್ರಕ್ಕೆ ‘ತ್ವಾಟ’ ಸಿಗಲಿಲ್ಲ, ‘ಬಂಜು’ ಸಿಗಲಿಲ್ಲ, ‘ಕೊಳೆ’ ಮಾತ್ರ ಸಿಕ್ಕಿತು. ಕೊಳೆ ಹೋಗಲು ಸೋಪಿನ ನೀರಿನಲ್ಲಿ ನೆನೆಸಿಡಿ ಅಂತ ಉತ್ತರ ಬಂತು. ಅಪ್ಪಯ್ಯ ನಕ್ಕ. ಫೋನ್ ಕೆಳಗಿಟ್ಟ. ಮತ್ತೆ ಆ ಆ್ಯಪು ತೆರೆಯಲಿಲ್ಲ. ನಿಮ್ಮ ಲೆಕ್ಕದಲ್ಲಿ ಇದು ಎರಡು ಪದದ ದೋಷ.

ಶಿರಸಿ ಪೇಟೆಯ ಧಾರಣೆ ಓದಿಸಿ ನೋಡಿ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು ಎಲ್ಲಾ ಅಡಿಕೆಯ ಬಗೆಗಳು. ರಾಶಿ ಅಂದರೆ ಗುಡ್ಡೆ ಅಂತ, ಬೆಟ್ಟೆ ಅಂದರೆ ಬೆಟ್ಟ ತಪ್ಪಾಗಿ ಬರೆದದ್ದು ಅಂತ ಯಂತ್ರ ತಿಳಿದರೆ ಅದರ ತಪ್ಪೇನೂ ಇಲ್ಲ. ಅದಕ್ಕೆ ಯಾರೂ ಪೇಟೆ ತೋರಿಸಿಲ್ಲ.

ಕುಮಟಾ ಕಡೆ ಅಘನಾಶಿನಿಯ ಹಿನ್ನೀರಿನ ಬದಿಗೆ ಉಪ್ಪುನೀರು ನುಗ್ಗುವ ಗದ್ದೆಗಳಿವೆ. ಅವಕ್ಕೆ ಗಜನಿ ಅನ್ನುತ್ತೇವೆ. ಮಾಣಿಕಟ್ಟದ ಕಡೆ ಅಲ್ಲಿ ಬೆಳೆಯುವ, ಉಪ್ಪು ತಾಳುವ ಭತ್ತ ಕಗ್ಗ. ‘ಗಜನಿಯಲ್ಲಿ ಕಗ್ಗ ಬಿತ್ತಿದೆವು’ ಅಂತ ಯಂತ್ರಕ್ಕೆ ಹೇಳಿದರೆ ಅದಕ್ಕೆ ಹೊಳೆಯುವುದು ಒಬ್ಬ ಸುಲ್ತಾನನ ಊರು ಮತ್ತು ಡಿವಿಜಿಯವರ ಪದ್ಯ. ಇದರ ಹಿಂದಿನ ಸಂಗತಿ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಪದಗಳನ್ನು ಅಂಕಿಗಳಾಗಿ ಮಾಡುವ, 2013ರಲ್ಲಿ ಬಂದ ವರ್ಡ್‌ಟುವೆಕ್‌ನಿಂದ ಹಿಡಿದು ಇವತ್ತಿನ ದೊಡ್ಡ ಭಾಷಾ ಮಾದರಿಗಳ ತನಕ ನಂಬಿಕೆ ಒಂದೇ. ಪದದ ಅರ್ಥ ಅದರ ಸಹವಾಸದಿಂದ ತಿಳಿಯುತ್ತದೆ. ಅಂತರ್ಜಾಲದ ಕನ್ನಡದಲ್ಲಿ ಕಗ್ಗಕ್ಕೆ ಮಂಕುತಿಮ್ಮನ ಸಹವಾಸ. ಉಪ್ಪುನೀರು, ಕಟ್ಟೆ, ಶೆಟ್ಲಿ, ಕೆಸರು, ಈ ಸಹವಾಸ ಯಾರೂ ಬರೆದಿಟ್ಟಿಲ್ಲ. ಶೆಟ್ಲಿ ಅಂದರೆ ಸೀಗಡಿ. ಹಾಗೇ ನಮ್ಮ ತಾರ್ಲೆ ಮಂಗಳೂರಿಗೆ ಹೋದರೆ ಬೂತಾಯಿ. ಒಂದೇ ಕರಾವಳಿ, ಒಂದೇ ಮೀನು.

ಪದವನ್ನು ಚೂರು ಮಾಡುವ ವಿಷಯವನ್ನೂ ಸ್ವಲ್ಪ ಹೇಳಿಬಿಡುತ್ತೇನೆ. ದೊಡ್ಡ ಮಾದರಿಗಳು ಪದವನ್ನು ಇಡಿಯಾಗಿ ನುಂಗುವುದಿಲ್ಲ, ಹೆಚ್ಚು ಸಲ ಕಂಡ ತುಂಡುಗಳಾಗಿ ಕತ್ತರಿಸಿಕೊಳ್ಳುತ್ತವೆ. ಕಂಪ್ಯೂಟರಿನಲ್ಲಿ ಎಲ್ಲ ಲಿಪಿಗಳ ಅಕ್ಷರ ಇಡುವ ಯೂನಿಕೋಡಿನ ಸಾಮಾನ್ಯ ರೂಪದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು. ‘ಕಾರವಾರ’ಕ್ಕೆ 18 ಬೈಟು, ಅದನ್ನೇ ಇಂಗ್ಲಿಷಿನಲ್ಲಿ ಬರೆದರೆ 6. ಪುಸ್ತಕದ ಕನ್ನಡಕ್ಕೇ ಈ ಗತಿ. ‘ಬಪ್ಪದು’ ಎಂಬ ಪದವನ್ನು ಎಲ್ಲೂ ಕಾಣದ ಯಂತ್ರ ಅದನ್ನು ಪುಡಿಪುಡಿ ಮಾಡುತ್ತದೆ. ಪುಡಿಯಲ್ಲಿ ಅರ್ಥ ಹುಡುಕುವುದು ಕಷ್ಟ. ಚೂರಿಗಿಷ್ಟು ಅಂತ ಬೆಲೆ ಕಟ್ಟುವ ಕಡೆ ನಮ್ಮ ಮಾತಿಗೆ ಖರ್ಚೂ ಜಾಸ್ತಿ.

ಕಾರವಾರದ ಕಡೆಯವರ ದೂರು ಬೇರೆ. ಅಲ್ಲಿ ಎಷ್ಟೋ ಮನೆಗಳಲ್ಲಿ ಕೊಂಕಣಿ, ಶಾಲೆಯಲ್ಲಿ ಕಲಿತದ್ದು ಕನ್ನಡ ಅಕ್ಷರ. ಹಾಗಾಗಿ ವಾಟ್ಸಾಪಿನಲ್ಲಿ ‘ಹಾಂವ ಘರಾ ವತಾ’ (ನಾನು ಮನೆಗೆ ಹೋಗುತ್ತೇನೆ) ಎಂದು ಕನ್ನಡ ಲಿಪಿಯಲ್ಲೇ ಬರೆಯುತ್ತಾರೆ. ಕೊಂಕಣಿ 1992ರಲ್ಲಿ ಸಂವಿಧಾನದ ಎಂಟನೇ ಅನುಸೂಚಿಗೆ ಸೇರಿತು. ಕನ್ನಡ, ದೇವನಾಗರಿ, ರೋಮನ್, ಮಲಯಾಳಂ, ಅರಬ್ಬಿ ಎಂದು ಐದು ಲಿಪಿಗಳಲ್ಲಿ ಬರೆಯಲಾಗುವ ಭಾಷೆ ಅದು. 2022ರಲ್ಲಿ ಗೂಗಲ್ ಟ್ರಾನ್ಸ್‌ಲೇಟಿಗೆ ಕೊಂಕಣಿ ಬಂತು, ದೇವನಾಗರಿಯಲ್ಲಿ. ಆ ಅನುಸೂಚಿಯ 22 ಭಾಷೆಗಳಿಗೂ ಅನುವಾದ ಮಾಡುವ ಇಂಡಿಕ್‌ಟ್ರಾನ್ಸ್2 ಮಾದರಿ 2023ರಲ್ಲಿ ಬಂತು, ಅದರಲ್ಲೂ ಕೊಂಕಣಿಗೆ ದೇವನಾಗರಿಯೇ. 2024ರಲ್ಲಿ ಗೂಗಲಿಗೆ ತುಳು ಸೇರಿದಾಗ ಕನ್ನಡ ಲಿಪಿಯಲ್ಲಿ ಸೇರಿತು. ಅಂದರೆ ಲಿಪಿ ತೊಡಕೇನೂ ಅಲ್ಲ. ಕನ್ನಡ ಲಿಪಿಯ ಕೊಂಕಣಿಯನ್ನು ಭಾಷೆ ಗುರುತಿಸುವ ಯಂತ್ರ ಸುಲಭವಾಗಿ ಕನ್ನಡ ಅಂದುಬಿಡುತ್ತದೆ. ಕನ್ನಡದ ರಾಶಿಯನ್ನು ಸೋಸುವಾಗ ಅದೇ ಸಾಲು ‘ಕಳಪೆ ಕನ್ನಡ’ ಅಂತ ಹೊರಗೆ ಬೀಳುತ್ತದೆ. ಕೊಂಕಣಿಯೂ ಆಗಲಿಲ್ಲ, ಕನ್ನಡವೂ ಆಗಲಿಲ್ಲ.

ಇದೆಲ್ಲ ಹೊಸ ಸಮಸ್ಯೆಯೇನೂ ಅಲ್ಲ. ಒಂಬತ್ತನೇ ಶತಮಾನದ ಕವಿರಾಜಮಾರ್ಗವೇ ‘ಕನ್ನಡಂಗಳ್’ ಎಂದು ಬಹುವಚನದಲ್ಲಿ ಹೇಳಿದೆ. ದೇಸಿ ಬೇರೆ ಬೇರೆ ಇರುವುದರಿಂದ ನಾಗರಾಜ ವಾಸುಕಿಗೂ ಬೇಸರ ಬಂದೀತು ಎಂಬ ಮಾತು ಅಲ್ಲಿದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯದ್ದೇ ಇನ್ನೊಂದು ಸಂಗತಿ. ಭಟ್ಕಳ ತಾಲೂಕಿನ ಹಾಡುವಳ್ಳಿಯ ಮಠದ ಭಟ್ಟಾಕಳಂಕ 1604ರಲ್ಲಿ ಕನ್ನಡಕ್ಕೆ 592 ಸೂತ್ರಗಳ ವ್ಯಾಕರಣ ಬರೆದ. ಭಾಷೆಯನ್ನು ಸಣ್ಣ ಸಣ್ಣ ನಿಯಮಗಳಾಗಿ ಬಿಡಿಸಿ ಜೋಡಿಸುವ ಕೆಲಸ. ಮೊದಮೊದಲು ಕಂಪ್ಯೂಟರಿಗೆ ಭಾಷೆ ಕಲಿಸಲು ಹೊರಟವರು ಮಾಡಿದ್ದೂ ಇಂಥದ್ದೇ. ಅವನ ಸೂತ್ರಗಳು ಇದ್ದದ್ದು ಸಂಸ್ಕೃತದಲ್ಲಿ. ಪಂಡಿತರು ಒಪ್ಪಬೇಕಲ್ಲ. ನಿಮ್ಮ ಪ್ರಬಂಧಗಳು ಇಂಗ್ಲಿಷಿನಲ್ಲಿರುವುದೂ ಅದೇ ಕಾರಣಕ್ಕೆ ಇರಬೇಕು, ಹಾಗಾಗಿ ಅದಕ್ಕೆ ನಾನು ಬೈಯುವುದಿಲ್ಲ. ಒಂದು ಪುಟದ ಕನ್ನಡ ಸಾರಾಂಶ ಜೊತೆಗಿಟ್ಟರೆ ನಾವೂ ಓದಿಯೇವು, ಅಷ್ಟೇ.

ನೀವು ಏನೂ ಮಾಡುತ್ತಿಲ್ಲ ಅಂತಲೂ ನಾನು ಹೇಳುತ್ತಿಲ್ಲ. ಭಾರತದ ಭಾಷೆಗಳ ಅನುವಾದಕ್ಕೆ ಕೇಂದ್ರ ಸರ್ಕಾರ ಶುರು ಮಾಡಿದ ಭಾಷಿಣಿ ಯೋಜನೆ 2022ರಿಂದ ನಡೆಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ರೆಸ್ಪಿನ್ ಯೋಜನೆ ಕನ್ನಡವೂ ಸೇರಿ ಒಂಬತ್ತು ಭಾಷೆಗಳಲ್ಲಿ, ಕೃಷಿ ಮತ್ತು ಹಣಕಾಸಿನ ಮಾತನ್ನು ಉಪಭಾಷೆಗಳ ಸಮೇತ ಕೂಡಿಡಲು ಹೊರಟದ್ದು. ಅಲ್ಲಿನದೇ ವಾಣಿ ಯೋಜನೆಯಲ್ಲಿ ಜನರಿಗೆ ಚಿತ್ರ ತೋರಿಸಿ ಮಾತಾಡಿಸುತ್ತಾರೆ. ದೇಶದ ಎಲ್ಲ ಜಿಲ್ಲೆಗೂ ಹೋಗಬೇಕೆಂಬುದು ಅದರ ಗುರಿ. ಓದಿಸುವುದಕ್ಕಿಂತ ಚಿತ್ರ ತೋರಿಸುವುದು ಎಷ್ಟೋ ಒಳ್ಳೆಯದು. ಓದಲು ಕೊಟ್ಟರೆ ಯಾರಾದರೂ ಪುಸ್ತಕದ ಕನ್ನಡವನ್ನೇ ಆಡುತ್ತಾರೆ. ನಾನು ದುಡಿದದ್ದು ಈ ಯಾವ ಯೋಜನೆಗೂ ಅಲ್ಲ, ಅದನ್ನೂ ಹೇಳಿಬಿಡಬೇಕು. ಆದರೆ ಧ್ವನಿ ಎಲ್ಲಿಂದಲೇ ಬರಲಿ, ಕೊನೆಗೆ ಅದು ಬರಹವಾಗುವುದು ನನ್ನಂಥ ಒಬ್ಬರ ಮೇಜಿನ ಮೇಲೆ. ನನಗೆ ಇರುವ ಚಿಂತೆ ಆ ಮೇಜಿನದ್ದು.

ಅಲ್ಲಿಗೆ ಏನು ಬೇಕು ಅಂದರೆ, ಮೊದಲು ಎರಡು ಸಾಲು ಬರೆಯಲು ಜಾಗ. ಮೇಲಿನ ಸಾಲಿನಲ್ಲಿ ಆಡಿದ ಮಾತು ಆಡಿದ ಹಾಗೆ. ಕೆಳಗೆ, ಬೇಕಿದ್ದರೆ, ಪುಸ್ತಕದ ಕನ್ನಡ. ಎರಡಕ್ಕೂ ದುಡ್ಡು ಕೊಡಿ. ‘ಅಸ್ಪಷ್ಟ’ ಗುಂಡಿಯನ್ನು ಎರಡು ಮಾಡಿ. ಗಾಳಿ ಸದ್ದಿಗೆ ಕೇಳದಿದ್ದರೆ ಒಂದು, ‘ನನಗೆ ಈ ಊರ ಮಾತು ಬಾರದು’ ಎಂಬುದಕ್ಕೆ ಇನ್ನೊಂದು. ಎರಡನೇ ಗುಂಡಿ ಒತ್ತಿದ ತುಣುಕು ಆ ತಾಲೂಕಿನವರ ಕೈಗೆ ಹೋಗಲಿ. ಹೊನ್ನಾವರದ ಅಂಬಿಗರ ಮಾತು ಬರೆಯಲು ಹೊನ್ನಾವರದಲ್ಲಿ ಜನ ಇಲ್ಲವಾ? ಡಿಗ್ರಿ ಮುಗಿಸಿ ಕೂತ ಹುಡುಗ ಹುಡುಗಿಯರು ಮನೆಮನೆಯಲ್ಲಿ ಸಿಗುತ್ತಾರೆ.

ಅಂಕಿಯನ್ನು ಬಿಡಿಸಿ ಹೇಳಿ. ಕನ್ನಡಕ್ಕೆ ಒಂದೇ ದೋಷದ ಪ್ರಮಾಣ ಬೇಡ. ಮೈಸೂರಿಗೆ ಇಷ್ಟು, ಧಾರವಾಡಕ್ಕೆ ಇಷ್ಟು, ಅಂಕೋಲೆಗೆ ಇಷ್ಟು ಎಂದು ಹಾಕಿ. ಅಂಕೋಲೆಯ ಅಂಕಿ ನಾಚಿಕೆಗೇಡು ಆಗಿದ್ದರೂ ಹಾಕಿ. ಹಣ ಕೊಡುವ ಅಧಿಕಾರಿಗಳಿಗೆ ನನ್ನದು ಇದೊಂದೇ ವಿನಂತಿ: ಈ ಪಟ್ಟಿ ಇಲ್ಲದ ವರದಿಗೆ ಕೊನೆಯ ಕಂತು ಬಿಡುಗಡೆ ಮಾಡಬೇಡಿ.

ಬರಹದ ರಾಶಿ ಬೇಕಿದ್ದರೆ ನಮ್ಮ ಡಿಟಿಪಿ ಅಂಗಡಿಗಳಿಗೆ ಹೋಗಿ. ಶಿರಸಿ, ಕುಮಟಾ, ಹೊನ್ನಾವರದ ಹಳೆಯ ಕಂಪ್ಯೂಟರುಗಳಲ್ಲಿ ಸ್ಮರಣ ಸಂಚಿಕೆ, ಸೊಸೈಟಿಯ ವರದಿ, ಯಕ್ಷಗಾನದ ಪ್ರಸಂಗ ಎಲ್ಲಾ ಬಿದ್ದಿವೆ. ಬಹಳಷ್ಟು ಯೂನಿಕೋಡಿಗೆ ಮೊದಲಿನ ಫಾಂಟಿನಲ್ಲಿವೆ. ನಮ್ಮ ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಬರೀ ಇಂಗ್ಲಿಷ್ ಅಕ್ಷರದ ಗೋಜಲು. ಬದಲಾಯಿಸುವ ಸಾಧನಗಳಿವೆ. ಬೇಕಾಗಿರುವುದು ಬರೆದವರನ್ನು ಕೇಳುವ ಸೌಜನ್ಯ, ಮತ್ತು ಆ ಹಾರ್ಡ್‌ಡಿಸ್ಕುಗಳು ಗುಜರಿಗೆ ಹೋಗುವ ಮೊದಲು ಒಂದು ವ್ಯಾನು.

ಕೇಳುವ ಸೌಜನ್ಯ ಅಂದೆ. ಅದನ್ನು ಹಾಡಿನ ವಿಷಯಕ್ಕೆ ಒತ್ತಿ ಹೇಳುತ್ತೇನೆ. ಅಂಕೋಲೆ ತಾಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡರು 2025ರ ಫೆಬ್ರವರಿಯಲ್ಲಿ ತೀರಿಕೊಂಡರು. 2017ರಲ್ಲಿ ಪದ್ಮಶ್ರೀ ಬಂದಿತ್ತು. ಹಾಲಕ್ಕಿ ಹಾಡುಗಳ ದೊಡ್ಡ ಕಣಜ ಅವರು. ಶಾಲೆಗೆ ಹೋದವರಲ್ಲ, ಎಲ್ಲವೂ ನೆನಪಿನಲ್ಲೇ. ಅಂಥವರ ಹಾಡು, ಕತೆ, ಬೈಗುಳವನ್ನೂ ಕೂಡ, ತೆಗೆದುಕೊಂಡು ಹೋಗುವಾಗ ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಿ. ಇದು ಎಲ್ಲಿಗೆ ಹೋಗುತ್ತದೆ, ಯಾರು ಬಳಸುತ್ತಾರೆ, ಮಾರುತ್ತಾರಾ, ಬೇಡ ಅನಿಸಿದರೆ ತೆಗೆಸಬಹುದಾ. ಆರು ಪುಟದ ಇಂಗ್ಲಿಷ್ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆಯಲ್ಲ. ಹೆಸರು ಹಾಕಿಸಿಕೊಳ್ಳುವ ಮನಸ್ಸಿದ್ದವರ ಹೆಸರು ಹಾಕಿ, ದುಡ್ಡು ಕೊಡಿ. ನಮ್ಮ ಊರಿನ ಮಾತು ಸೇರಿಸಿಕೊಳ್ಳಿ ಅಂತ ನಾನು ಕೇಳುತ್ತಿರುವುದು ನಿಜ. ಕೇಳದೆ ಎತ್ತಿಕೊಂಡು ಹೋಗಿ ಅಂತ ಮಾತ್ರ ಹೇಳಿಲ್ಲ.

ಬರುವುದಾದರೆ ದೀಪಾವಳಿ ಕಳೆದ ಮೇಲೆ ಬನ್ನಿ. ಮಳೆಗಾಲದಲ್ಲಿ ಹಂಚಿನ ಮೇಲೆ ಬೀಳುವ ಮಳೆ ಸದ್ದಿಗೆ ನಿಜವಾಗಿಯೂ ಎಲ್ಲಾ ಅಸ್ಪಷ್ಟವೇ.

ಬಳಚಿನ ಅಜ್ಜಿ ಯಾರು, ಯಾವ ಊರು, ನನಗೆ ಗೊತ್ತಿಲ್ಲ. ತುಣುಕಿನ ಜೊತೆ ಹೆಸರು ಬರುತ್ತಿರಲಿಲ್ಲ, ಒಂದು ಸಂಖ್ಯೆ ಬರುತ್ತಿತ್ತು. ವಾಪಸ್ ಬಂದದ್ದನ್ನೆಲ್ಲ ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ, ದುಡ್ಡಿನ ಲೆಕ್ಕ ತಪ್ಪಬಾರದು ಅಂತ. ಆ ಸಂಖ್ಯೆ ಅದರಲ್ಲಿದೆ. ಯಾರ ಸರ್ವರಿನಲ್ಲಾದರೂ ಆ ಧ್ವನಿ ಇನ್ನೂ ಉಳಿದಿದ್ದರೆ ತಿಳಿಸಿ. ಈ ಸಲ ಪೂರ್ತಿ ಬರೆದುಕೊಡುತ್ತೇನೆ, ದುಡ್ಡು ಬೇಡ.

ಇತಿ,
ಕುಮಟಾದಿಂದ,
ಹಿಂದೆ ನಿಮ್ಮ ತುಣುಕುಗಳನ್ನು ಬರೆದುಕೊಡುತ್ತಿದ್ದವಳು